ಹೊಸ ಎಸ್‌ಎಸ್‌ಡಿ ಕಾಣಿಸ್ತಿಲ್ಲ ಅಂತ ಡಿಸ್ಕ್‌ಪಾರ್ಟ್‌ಗೆ ಕೈ ಹಾಕೋ ಮುಂಚೆ ಇದನ್ನ ಓದಿ

ಲ್ಯಾಪ್‌ಟಾಪ್‌ಗೆ ಎರಡನೇ ಎಸ್‌ಎಸ್‌ಡಿ (ಫೈಲ್ ಇಡೋ, ಒಳಗೆ ಏನೂ ತಿರುಗದ ವೇಗದ ಡ್ರೈವ್) ಹಾಕಿದೀರಾ, ಅದು ಕಾಣಿಸ್ತಾ ಇಲ್ವಾ? ಮೊದ್ಲು ಯುಎಸ್‌ಬಿಲಿ ಚುಚ್ಚಿರೋ ಎಕ್ಸ್‌ಟರ್ನಲ್ ಡ್ರೈವ್, ಪೆನ್‌ಡ್ರೈವ್ ಎಲ್ಲಾ ಕಿತ್ತು ಪಕ್ಕಕ್ಕಿಡಿ, ಆಮೇಲೆ ಮುಂದೆ ಓದಿ. ಆ ಒಂದು ಕೆಲಸ ಮಾಡ್ದೇ ಇದ್ದಿದ್ದಕ್ಕೆ ಎಂಟು ವರ್ಷದ ಫೋಟೋ ವಿಡಿಯೋ ಇದ್ದ ಡ್ರೈವನ್ನ ನಾನು ಡಿಸ್ಕ್‌ಪಾರ್ಟಲ್ಲಿ (ಡಿಸ್ಕ್ ಅಳಿಸೋಕೆ, ಭಾಗ ಮಾಡೋಕೆ ವಿಂಡೋಸಲ್ಲೇ ಇರೋ ಟೂಲ್) ಕೈಯಾರೆ ಅಳಿಸಿ ಹಾಕಿದೀನಿ. ಬೇರೆ ಯಾರಿಗೂ ಹೀಗಾಗ್ಬಾರ್ದು ಅಂತ ಆಗಿದ್ದನ್ನ ಇದ್ದ ಹಾಗೇ ಬರೀತಿದೀನಿ, ಸ್ವಲ್ಪ ಉದ್ದ ಆಗುತ್ತೆ.

ನನ್ನ ಲ್ಯಾಪ್‌ಟಾಪಲ್ಲಿದ್ದ 256 ಜಿಬಿ ತುಂಬಿ ಹೋಗಿತ್ತು, ಅದಕ್ಕೇ ಹಳೇ ಫೋಟೋ, ಅಜ್ಜಿ ಕೂತ್ಕೊಂಡು ಮಾತಾಡಿದ ವಿಡಿಯೋಗಳು, ಕೆಲಸದ ಫೈಲ್‌ಗಳು ಎಲ್ಲಾನೂ ಒಂದು 1 ಟಿಬಿ ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್‌ಗೆ ಹಾಕಿ ಲ್ಯಾಪ್‌ಟಾಪಿಂದ ಡಿಲೀಟ್ ಮಾಡಿದ್ದೆ. ಅದನ್ನ ನಾನು ಬ್ಯಾಕಪ್ ಅಂತಾನೇ ಕರೀತಿದ್ದೆ. ಆದ್ರೆ ಎರಡು ಕಡೆ ಇದ್ರೆ ತಾನೇ ಬ್ಯಾಕಪ್, ಇದು ಇದ್ದದ್ದು ಒಂದೇ ಕಾಪಿ, ಅದು ನನಗೆ ಹೊಳೆದೇ ಇರ್ಲಿಲ್ಲ. ಲ್ಯಾಪ್‌ಟಾಪ್ ಒಳಗಡೆ ಇನ್ನೊಂದು ಎಂ.2 ಸ್ಲಾಟ್ (ಪಟ್ಟಿ ಆಕಾರದ ಎಸ್‌ಎಸ್‌ಡಿ ಸಿಕ್ಕಿಸೋ ಜಾಗ) ಖಾಲಿ ಇದೆ ಅಂತ ಗೊತ್ತಾಯ್ತು, ಅದಕ್ಕೆ 1 ಟಿಬಿ ಎಸ್‌ಎಸ್‌ಡಿ ತಗೊಂಡೆ. ಮಾರಿದವರನ್ನ ಕೇಳಿದ್ದಕ್ಕೆ "ಎಂ.2 ಅಲ್ವಾ, ಕೂರುತ್ತೆ" ಅಂದ್ರು. ಕೂತಿದ್ದೂ ನಿಜ, ಸ್ಕ್ರೂ ಹಾಕಿದೆ, ಅಲ್ಲಾಡ್ಲಿಲ್ಲ, ಎಲ್ಲಾ ಸರಿಯಾಗೇ ಇತ್ತು. ಆನ್ ಮಾಡಿದ್ರೆ ಡ್ರೈವ್ ಇಲ್ಲ.

ಆವಾಗ ರಾತ್ರಿ ಹತ್ತೂವರೆ ಇರ್ಬೇಕು. ಒಂದು ವಿಡಿಯೋಲಿ ಬಯೋಸಲ್ಲಿ (ವಿಂಡೋಸ್ ಶುರುವಾಗೋ ಮುಂಚೆ ಸಿಗೋ ಸೆಟ್ಟಿಂಗ್ ಪರದೆ) ವಿಎಂಡಿ (ಡ್ರೈವ್‌ಗಳನ್ನ ನಿಭಾಯಿಸೋ ಒಂದು ಇಂಟೆಲ್ ಸೆಟ್ಟಿಂಗ್) ಆಫ್ ಮಾಡಿ ಅಂದಿದ್ರು, ಮಾಡಿದೆ, ವಿಂಡೋಸೇ ಬೂಟ್ ಆಗದೆ ನೀಲಿ ಸ್ಕ್ರೀನ್ ಬಂತು, ಗಾಬರಿಯಾಗಿ ವಾಪಸ್ ಆನ್ ಮಾಡಿದ ಮೇಲೆ ಬೂಟ್ ಆಯ್ತು. ಇದನ್ನೂ ಹೇಳ್ಬಿಡ್ತೀನಿ, ವಿಂಡೋಸ್ ಈಗಾಗ್ಲೇ ಇನ್‌ಸ್ಟಾಲ್ ಆಗಿರೋ ಲ್ಯಾಪ್‌ಟಾಪಲ್ಲಿ ವಿಎಂಡಿ, ರೇಡ್, ಎಎಚ್‌ಸಿಐ ಅನ್ನೋ ಡ್ರೈವ್ ಸೆಟ್ಟಿಂಗ್‌ಗಳನ್ನ ಸುಮ್ನೆ ನೋಡೋಣ ಅಂತ ಬದಲಾಯಿಸ್ಬೇಡಿ. ಬಿಟ್‌ಲಾಕರ್ (ಡ್ರೈವಿಗೆ ವಿಂಡೋಸ್ ಹಾಕೋ ಬೀಗ) ಆನ್ ಇದ್ರೆ 48 ಅಂಕಿಯ ರಿಕವರಿ ಕೀ ಕೇಳೋ ಸಾಧ್ಯತೆ ಇದೆ, ಎಷ್ಟೋ ಜನಕ್ಕೆ ತಮ್ಮ ಲ್ಯಾಪ್‌ಟಾಪಲ್ಲಿ ಅದು ಆನ್ ಇರೋದೇ ಗೊತ್ತಿರಲ್ಲ. ಮೈಕ್ರೋಸಾಫ್ಟ್ ಅಕೌಂಟಲ್ಲಿ ಆ ಕೀ ಇದೆಯಾ ಅಂತ ಮೊದ್ಲೇ ನೋಡಿ ಬರೆದಿಟ್ಕೊಳ್ಳಿ.

ಅಷ್ಟಕ್ಕೇ ನಿಲ್ಲಿಸಿ ಮಲಗಿದ್ದಿದ್ರೆ ಏನೂ ಆಗ್ತಿರ್ಲಿಲ್ಲ. ಇನ್ನೊಂದು ವಿಡಿಯೋ ಹಾಕ್ದೆ. ಅದರಲ್ಲಿ ಕಮಾಂಡ್ ಪ್ರಾಂಪ್ಟ್ ತೆಗೀರಿ, ಡಿಸ್ಕ್‌ಪಾರ್ಟ್ ಅಂತ ಹೊಡೀರಿ, ಲಿಸ್ಟ್ ಡಿಸ್ಕ್ ಹೊಡೀರಿ, ಡಿಸ್ಕ್ 0 ನಿಮ್ಮ ವಿಂಡೋಸ್ ಇರೋದು, ಡಿಸ್ಕ್ 1 ಹೊಸದು, ಸೆಲೆಕ್ಟ್ ಡಿಸ್ಕ್ 1 ಕೊಟ್ಟು ಕ್ಲೀನ್ ಅಂತ ಹೊಡೀರಿ, ಮುಗೀತು ಅಂದ್ರು. ನಾನೂ ಲಿಸ್ಟ್ ಡಿಸ್ಕ್ ಹೊಡೆದೆ. ಡಿಸ್ಕ್ 0 ಇತ್ತು 238 ಜಿಬಿ, ಡಿಸ್ಕ್ 1 ಇತ್ತು 931 ಜಿಬಿ. ಕಂಪನಿಯವರು 1 ಟಿಬಿನ ಸಾವಿರದ ಲೆಕ್ಕದಲ್ಲಿ ಎಣಿಸ್ತಾರೆ, ವಿಂಡೋಸ್ 1024ರ ಲೆಕ್ಕದಲ್ಲಿ ಎಣಿಸುತ್ತೆ, ಅದಕ್ಕೇ 1 ಟಿಬಿ ಡ್ರೈವ್ 931 ಅಂತ ತೋರಿಸುತ್ತೆ ಅನ್ನೋದು ನನಗೆ ಗೊತ್ತಿತ್ತು, ಹಾಗಾಗಿ ಆ 931 ನೋಡಿ ಖುಷಿಯೇ ಆಯ್ತು, ಸದ್ಯ ಇಲ್ಲಾದ್ರೂ ಕಾಣಿಸ್ತಲ್ಲ ಅಂತ. ಎಕ್ಸ್‌ಟರ್ನಲ್ ಹಾರ್ಡ್‌ಡಿಸ್ಕ್ ಬೆಳಗ್ಗಿಂದ ಚುಚ್ಚಿದ ಹಾಗೇ ಇತ್ತು, ಅದೂ 1 ಟಿಬಿ, ಅದೂ 931, ಈ ಯೋಚನೆ ಮಾತ್ರ ತಲೆಗೆ ಬರ್ಲೇ ಇಲ್ಲ.

ಅದೇ ಸಾಲಲ್ಲಿ ಫ್ರೀ ಅಂತ ಒಂದು ಕಾಲಂ ಇರುತ್ತೆ, ದಯವಿಟ್ಟು ಅದನ್ನ ನೋಡಿ. ಪಾರ್ಟಿಷನ್ನೇ (ಡಿಸ್ಕಿನ ಜಾಗಾನ ಭಾಗ ಮಾಡೋದು) ಮಾಡದ ಹೊಸ ಡಿಸ್ಕ್ ಆದ್ರೆ ಸೈಜ್ ಎಷ್ಟಿದೆಯೋ ಹೆಚ್ಚುಕಮ್ಮಿ ಅಷ್ಟೇ ಫ್ರೀ ಕಾಲಮಲ್ಲೂ ಇರ್ಬೇಕು. ನನ್ನದರಲ್ಲಿ ಸೊನ್ನೆ ಇತ್ತು. ಆ ಸೊನ್ನೆ ಕಣ್ಣೆದುರಿಗೇ ಇತ್ತು, ನಾನು ಅದರ ಮೇಲೆ ಗಮನ ಇಡ್ಲಿಲ್ಲ. ಡಿಸ್ಕ್ ಸೆಲೆಕ್ಟ್ ಮಾಡಿದ ಮೇಲೆ ಡೀಟೇಲ್ ಡಿಸ್ಕ್ ಅಂತ ಒಂದು ಕಮಾಂಡ್ ಕೊಟ್ಟಿದ್ರೂ ಸಾಕಿತ್ತು, ಡ್ರೈವ್ ಮಾಡೆಲ್ ಹೆಸರು, ಅದು ಯುಎಸ್‌ಬಿನಾ ಅಲ್ವಾ, ಒಳಗೆ ಯಾವ ವಾಲ್ಯೂಮ್ ಇದೆ ಎಲ್ಲಾ ಹೇಳಿಬಿಡುತ್ತೆ. ವಿಡಿಯೋ ಮಾಡೋರಿಗೆ ಆ ಒಂದು ಸಾಲು ಸೇರಿಸೋಕೆ ಐದು ಸೆಕೆಂಡ್ ಸಾಕು, ಅದನ್ನ ಹೇಳ್ದೆ ನೇರ ಕ್ಲೀನ್ ಹೊಡೀರಿ ಅನ್ನೋದು ನನ್ನ ಪ್ರಕಾರ ದೊಡ್ಡ ತಪ್ಪು. ಯಾಕಂದ್ರೆ ಕ್ಲೀನ್ ಕಮಾಂಡ್ ನಿಮ್ಮನ್ನ ಏನೂ ಕೇಳಲ್ಲ. ಖಚಿತಾನಾ, ಹೌದಾ ಇಲ್ವಾ, ಯಾವುದೂ ಇಲ್ಲ. ಎಂಟರ್ ಒತ್ತಿದ ತಕ್ಷಣ ಪಾರ್ಟಿಷನ್ ಮಾಹಿತಿ ಹೋಗಿರುತ್ತೆ.

ಆಮೇಲೆ ಡಿಸ್ಕ್ ಮ್ಯಾನೇಜ್‌ಮೆಂಟ್ ತೆಗೆದ್ರೆ ಇನಿಶಿಯಲೈಸ್ ಮಾಡಿ (ಅಂದ್ರೆ ಡಿಸ್ಕನ್ನ ಬಳಕೆಗೆ ಸಿದ್ಧ ಮಾಡಿ) ಅಂತ ಬಂತು. ಜಿಪಿಟಿ (ಪಾರ್ಟಿಷನ್ ಪಟ್ಟಿ ಇಡೋ ಒಂದು ರೀತಿ) ಕೊಟ್ಟೆ, ಸಿಂಪಲ್ ವಾಲ್ಯೂಮ್ ಮಾಡಿದೆ, ಕ್ವಿಕ್ ಫಾರ್ಮ್ಯಾಟ್ ಮಾಡಿದೆ, ಹೊಸ ಡ್ರೈವ್ ಬಂತು ಅಂತ ಸಿ ಡ್ರೈವಿಂದ ಅರವತ್ತು ಜಿಬಿ ಅಷ್ಟು ಫೈಲ್ ಕಾಪಿಗೂ ಹಾಕ್ದೆ. ಕಾಪಿ ಸ್ಪೀಡ್ ನೂರು ಎಂಬಿ ಸುತ್ತಮುತ್ತಾನೇ ಓಡ್ತಿತ್ತು, ಎಸ್‌ಎಸ್‌ಡಿಗೆ ಇದು ತುಂಬಾ ಕಮ್ಮಿ ಆಯ್ತಲ್ಲ ಅನ್ಕೊಂಡು ಕೂತಿದ್ದೆ. ನೀರು ಕುಡಿಯೋಕೆ ಅಂತ ಎದ್ದಾಗ ಟೇಬಲ್ ಮೇಲಿದ್ದ ಎಕ್ಸ್‌ಟರ್ನಲ್ ಡ್ರೈವಿನ ಲೈಟ್ ಪಟಪಟ ಮಿಣುಕ್ತಾ ಇತ್ತು. ಮುಟ್ಟಿ ನೋಡಿದ್ರೆ ಒಳಗೆ ಡಿಸ್ಕ್ ತಿರುಗ್ತಿರೋದು ಬೆರಳಿಗೆ ಗೊತ್ತಾಗ್ತಿತ್ತು. ನಿಂತಲ್ಲೇ ಮೈ ತಣ್ಣಗಾಯ್ತು.

ಈ ಸ್ಥಿತಿಗೆ ಯಾರಾದ್ರೂ ಬಂದಿದ್ರೆ ಒಂದು ವಿಷ್ಯ ತಿಳ್ಕೊಳ್ಳಿ. ಬರೀ ಕ್ಲೀನ್ ಕೊಟ್ಟಿದ್ರೆ (ಕ್ಲೀನ್ ಆಲ್ ಅಲ್ಲ, ಅದು ಪ್ರತಿಯೊಂದು ಸೆಕ್ಟರನ್ನೂ ಸೊನ್ನೆ ಮಾಡುತ್ತೆ) ಹಾರ್ಡ್‌ಡಿಸ್ಕಲ್ಲಿ ನಿಮ್ಮ ಡೇಟಾ ಹೆಚ್ಚುಕಮ್ಮಿ ಎಲ್ಲಾ ಹಾಗೇ ಕೂತಿರುತ್ತೆ. ಅಲ್ಲೇ ನಿಲ್ಲಿಸಿ, ಅದಕ್ಕೆ ಏನೂ ಬರೀದೆ, ಟೆಸ್ಟ್‌ಡಿಸ್ಕ್ ಅನ್ನೋ ಫ್ರೀ ಸಾಫ್ಟ್‌ವೇರಲ್ಲಿ ಹುಡುಕಿಸಿದ್ರೆ ಹಳೇ ಪಾರ್ಟಿಷನ್ ಫೋಲ್ಡರ್ ಹೆಸರು ಸಮೇತ ವಾಪಸ್ ಸಿಗೋ ಸಾಧ್ಯತೆ ತುಂಬಾ ಇದೆ. ನಾನು ಫಾರ್ಮ್ಯಾಟ್ ಮಾಡಿದ್ದೆ, ಮೇಲೆ ಅರವತ್ತು ಜಿಬಿ ಬೇರೆ ಸುರಿದಿದ್ದೆ, ಹಾಗಾಗಿ ಯಾವ ಫೈಲ್ ಎಲ್ಲಿದೆ ಅನ್ನೋ ಹಳೇ ಪಟ್ಟಿ ಮೇಲೇ ಹೊಸ ಪಟ್ಟಿ ಕೂತುಬಿಟ್ಟಿತ್ತು. ಇನ್ನು ಅಳಿಸಿದ್ದು ಎಸ್‌ಎಸ್‌ಡಿ ಆಗಿದ್ರೆ ಕಥೆ ಇನ್ನೂ ಕೆಟ್ಟದು, ಕ್ವಿಕ್ ಫಾರ್ಮ್ಯಾಟ್ ಮಾಡಿದಾಗ ವಿಂಡೋಸ್ ಟ್ರಿಮ್ ಕಮಾಂಡ್ ಕಳಿಸಿದ್ರೆ ಡ್ರೈವೇ ಆ ಜಾಗಾನ ಒಳಗಿಂದ ಖಾಲಿ ಮಾಡಿಬಿಡುತ್ತೆ, ಆಮೇಲೆ ಏನು ಮಾಡಿದ್ರೂ ಬರೋದು ಕಷ್ಟ.

ಗೊತ್ತಿರೋ ಒಬ್ರು ಇಡೀ ಡಿಸ್ಕಿನ ಇಮೇಜ್‌ನ (ಇದ್ದ ಹಾಗೇ ಪೂರ್ತಿ ನಕಲು) ಇನ್ನೊಂದು ದೊಡ್ಡ ಡ್ರೈವ್‌ಗೆ ತೆಗೆದು, ಆ ಇಮೇಜ್ ಮೇಲೆ ಫೋಟೋರೆಕ್ (ಅಳಿಸಿಹೋದ ಫೈಲ್ ಹುಡುಕೋ ಸಾಫ್ಟ್‌ವೇರ್) ಓಡಿಸಿದ್ರು, ಮೂಲ ಡಿಸ್ಕ್ ಮತ್ತೆ ಮುಟ್ಟಲೇ ಇಲ್ಲ. ಹಾಗೇ ಮಾಡ್ಬೇಕು. ಫೋಟೋಗಳು ಸುಮಾರು ಬಂದ್ವು, ಆದ್ರೆ ಹೆಸರಿಲ್ಲ, ಫೋಲ್ಡರ್ ಇಲ್ಲ, ಎಲ್ಲಾ ಎಫ್ ಅಂತ ಶುರುವಾಗೋ ಉದ್ದ ನಂಬರ್‌ಗಳು. ಫೋಟೋ ಒಳಗೆ ಕ್ಯಾಮರಾ ಬರೆದಿಟ್ಟ ತಾರೀಕು ಉಳಿದಿರುತ್ತೆ, ಅದೊಂದೇ ಆಸರೆ. ವಿಡಿಯೋಗಳದ್ದೇ ಸಂಕಟ. ದೊಡ್ಡ ಫೈಲ್‌ಗಳು ಡಿಸ್ಕಲ್ಲಿ ತುಂಡು ತುಂಡಾಗಿ ಬೇರೆ ಬೇರೆ ಕಡೆ ಕೂತಿದ್ರೆ ಫೋಟೋರೆಕ್‌ಗೆ ಅವನ್ನ ಜೋಡಿಸೋಕೆ ಆಗಲ್ಲ. ಅಜ್ಜಿದು ಹನ್ನೊಂದು ವಿಡಿಯೋ ಇತ್ತು, ನಾಲ್ಕು ಓಡ್ತವೆ.

ಇಷ್ಟಕ್ಕೂ ಹೊಸ ಎಸ್‌ಎಸ್‌ಡಿ ಯಾಕೆ ಕಾಣಿಸ್ಲಿಲ್ಲ ಅಂದ್ರೆ, ಅದು ಸಾಟಾ ಎಂ.2, ನನ್ನ ಸ್ಲಾಟ್ ಎನ್‌ವಿಎಂಇ ಮಾತ್ರ ತಗೊಳ್ಳೋದು (ಸಾಟಾ, ಎನ್‌ವಿಎಂಇ ಅಂದ್ರೆ ಡ್ರೈವ್ ಲ್ಯಾಪ್‌ಟಾಪ್ ಜೊತೆ ಮಾತಾಡೋ ಎರಡು ಬೇರೆ ಬೇರೆ ರೀತಿ). ಎಂ.2 ಅನ್ನೋದು ಆಕಾರದ ಹೆಸರು ಅಷ್ಟೇ, 2280 ಅಂದ್ರೆ 22 ಮಿಲಿಮೀಟರ್ ಅಗಲ 80 ಮಿಲಿಮೀಟರ್ ಉದ್ದ, ಅದು ಯಾವ ಭಾಷೇಲಿ ಮಾತಾಡುತ್ತೆ ಅಂತ ಆ ನಂಬರ್ ಹೇಳಲ್ಲ. ಸಾಟಾ ಡ್ರೈವ್‌ಗೆ ಸಾಮಾನ್ಯವಾಗಿ ಚಿನ್ನದ ಬಣ್ಣದ ತುದೀಲಿ ಎರಡು ಕಡೆ ಕಚ್ಚು ಇರುತ್ತೆ, ಎನ್‌ವಿಎಂಇಗೆ ಹೆಚ್ಚಾಗಿ ಒಂದೇ ಕಡೆ. ಎರಡು ಕಚ್ಚಿಂದು ಒಂದು ಕಚ್ಚಿನ ಸ್ಲಾಟಲ್ಲೂ ಆರಾಮಾಗಿ ಕೂರುತ್ತೆ, ಅದೇ ಮೋಸ. ಕೆಲವು ಎನ್‌ವಿಎಂಇ ಡ್ರೈವ್‌ಗೂ ಎರಡು ಕಚ್ಚು ಇರೋದ್ರಿಂದ ಬರೀ ಕಚ್ಚು ನೋಡಿ ನಂಬ್ಬೇಡಿ, ಡ್ರೈವ್ ಮೇಲಿನ ಲೇಬಲ್ ಓದಿ, ನಿಮ್ಮ ಲ್ಯಾಪ್‌ಟಾಪ್ ಮಾಡೆಲ್‌ನ ಸರ್ವಿಸ್ ಮ್ಯಾನ್ಯುಯಲಲ್ಲಿ ಯಾವ ಸ್ಲಾಟ್ ಏನು ತಗೊಳ್ಳುತ್ತೆ ಅಂತ ಬರೆದಿರ್ತಾರೆ, ಅದನ್ನ ಓದಿ. ನಾನು ಅದನ್ನ ಓದಿದ್ದು ಮಾರನೇ ದಿನ. ಪಿಸಿಐಇ (ಎನ್‌ವಿಎಂಇ ಡ್ರೈವ್ ಬಳಸೋ ದಾರಿ) ಮಾತ್ರ ಅಂತ ಒಂದೇ ಸಾಲಲ್ಲಿ ಸ್ಪಷ್ಟವಾಗಿತ್ತು.

ಇನ್ನೊಂದು, ಡ್ರೈವ್ ಕಾಣಿಸ್ಲಿಲ್ಲ ಅಂದ್ರೆ ವಿಂಡೋಸ್ ಒಳಗೆ ಹುಡುಕೋ ಮುಂಚೆ ಬಯೋಸಿಗೆ ಹೋಗಿ ಸ್ಟೋರೇಜ್ ಪಟ್ಟಿ ನೋಡಿ, ಸಾಟಾ ಬೇರೆ ಕಡೆ ಎನ್‌ವಿಎಂಇ ಬೇರೆ ಕಡೆ ತೋರಿಸೋ ಬಯೋಸ್‌ಗಳಿವೆ, ಎರಡೂ ನೋಡಿ. ಬಯೋಸಲ್ಲೇ ಇಲ್ಲ ಅಂದ್ರೆ ಡಿಸ್ಕ್‌ಪಾರ್ಟ್ ಏನೂ ಮಾಡೋಕಾಗಲ್ಲ. ಡ್ರೈವ್ ಸರಿಯಾಗಿ ಕೂತಿಲ್ಲ, ಅಥವಾ ಜಾತಿ ಬೇರೆ, ಅಥವಾ ಡ್ರೈವೇ ಕೆಟ್ಟಿದೆ. ಪವರ್ ಆಫ್ ಮಾಡಿ, ಚಾರ್ಜರ್ ತೆಗೆದು, ಒಳಗಿನ ಬ್ಯಾಟರಿ ಕನೆಕ್ಟರ್ ಬಿಡಿಸಿ, ಡ್ರೈವನ್ನ ಓರೆಯಾಗಿ ಪೂರ್ತಿ ಒಳಗೆ ತಳ್ಳಿ ಆಮೇಲೆ ಕೆಳಗೊತ್ತಿ ಸ್ಕ್ರೂ ಹಾಕಿ ನೋಡಿ. ಬಯೋಸಲ್ಲಿ ಇದೆ, ಆದ್ರೆ ದಿಸ್ ಪಿಸಿಲಿ ಇಲ್ಲ ಅಂದ್ರೆ ಹೊಸ ಡ್ರೈವ್‌ಗೆ ಅದು ಮಾಮೂಲು, ಡಿಸ್ಕ್ ಮ್ಯಾನೇಜ್‌ಮೆಂಟಲ್ಲಿ ಇನಿಶಿಯಲೈಸ್ ಮಾಡಿದ್ರೆ ಬರುತ್ತೆ, ಕ್ಲೀನ್ ಅನ್ನೋ ಮಾತೇ ಬೇಕಾಗಿಲ್ಲ. ಹಳೇ ಡೇಟಾ ಇರೋ ಡ್ರೈವ್‌ಗೆ ಇನಿಶಿಯಲೈಸ್ ಕೇಳಿದ್ರೆ ಮಾತ್ರ ಕ್ಯಾನ್ಸಲ್ ಕೊಟ್ಟು ಗೊತ್ತಿರೋರನ್ನ ಕೇಳಿ.

ಆ ಸಾಟಾ ಎಸ್‌ಎಸ್‌ಡಿನ ಒಂದು ಯುಎಸ್‌ಬಿ ಕೇಸಲ್ಲಿ ಹಾಕಿ ಬಳಸ್ತಿದೀನಿ (ಕೇಸ್ ತಗೊಳ್ಳೋವಾಗ್ಲೂ ಸಾಟಾದ್ದಾ ಎನ್‌ವಿಎಂಇದ್ದಾ ಕೇಳಿ ತಗೊಳ್ಳಿ, ಅಲ್ಲೂ ಇದೇ ಗೊಂದಲ). ಸಿಕ್ಕಿದ ಫೋಟೋಗಳ ಒಂದು ಕಾಪಿ ಅದರಲ್ಲಿ, ಇನ್ನೊಂದು ಕಾಪಿ ತಂಗಿ ಹತ್ರ ಇದೆ. ರಾತ್ರಿ ಊಟ ಆದ್ಮೇಲೆ ಒಂದಿಷ್ಟು ಫೋಟೋ ತೆಗೆದು ತಾರೀಕು ನೋಡ್ಕೊಂಡು ವರ್ಷದ ಫೋಲ್ಡರ್‌ಗೆ ಹಾಕ್ತಿದೀನಿ, ಇನ್ನೂ ಮೂರನೇ ವರ್ಷದಲ್ಲಿದೀನಿ.