ಕಣ್ಣಿಗೆ ಕಂಡರೆ ಸಾಕಾ? 5.8 ಮತ್ತು 2.4 ಗಿಗಾಹರ್ಟ್ಜ್ ಲಿಂಕ್‌ಗಳ ಹೋಲಿಕೆ

ಕೇಬಲ್ ಎಳೆಯದೆ ಒಂದು ಕಟ್ಟಡದಿಂದ ಇನ್ನೊಂದಕ್ಕೆ ಇಂಟರ್ನೆಟ್ ಕೊಡಲು ವೈರ್‌ಲೆಸ್ ಬ್ರಿಡ್ಜ್ ಸುಲಭದ ದಾರಿ. ಆದರೆ ಈ ಸಾಧನಗಳ ಜೊತೆ ಒಂದು ಷರತ್ತು ಬಂದೇ ಬರುತ್ತದೆ: ಲೈನ್ ಆಫ್ ಸೈಟ್ ಇರಬೇಕು. ಅಂದರೆ ಒಂದು ಆಂಟೆನಾದಿಂದ ಇನ್ನೊಂದಕ್ಕೆ ಅಡ್ಡಿಯಿಲ್ಲದ ನೇರ ದಾರಿ. ಸುಮಾರು 1 ಕಿಲೋಮೀಟರ್ ದೂರಕ್ಕೆ, ಅದೇ ಎರಡು ಕಂಬಗಳ ಮೇಲೆ, 5.8 ಮತ್ತು 2.4 ಗಿಗಾಹರ್ಟ್ಜ್ ಆವರ್ತನದ (ಫ್ರೀಕ್ವೆನ್ಸಿ) ಸಾಧನಗಳೆರಡನ್ನೂ ಹಾಕಿ ನೋಡಿದೆ.

ಮೊದಲು 5.8. ಎದುರಿನ ಕಂಬದ ತುದಿ ಬರಿಗಣ್ಣಿಗೇ ಕಾಣುತ್ತಿತ್ತು. ಆದರೂ ಸಿಗ್ನಲ್ ಲೆಕ್ಕಕ್ಕಿಂತ ಕಡಿಮೆ. ದಾರಿಯ ನಟ್ಟನಡುವೆ ಒಂದು ಶೀಟ್ ಛಾವಣಿ, ನೇರ ಗೆರೆಗೆ ಹೆಚ್ಚೂಕಡಿಮೆ ತಾಗಿಕೊಂಡೇ ಇತ್ತು. ನೋಡೋಕೆ ಗೆರೆ ಸಾಕು, ರೇಡಿಯೊ ಅಲೆಗೆ ಸಾಲದು. ಅದಕ್ಕೆ ಸೌತೆಕಾಯಿಯ ಹಾಗೆ ತುದಿಗಳಲ್ಲಿ ಸಣ್ಣಗೆ, ನಡುವೆ ದಪ್ಪಗೆ ಇರುವ ಜಾಗ ಬೇಕು. ಫ್ರೆನೆಲ್ ವಲಯ ಅಂತಾರಲ್ಲ, ಅದೇ ಇದು. 1 ಕಿಲೋಮೀಟರ್ ದೂರಕ್ಕೆ ನಡುಮಧ್ಯದಲ್ಲಿ ಇದರ ತ್ರಿಜ್ಯ 5.8ರಲ್ಲಿ ಸುಮಾರು 3.6 ಮೀಟರ್, 2.4ರಲ್ಲಿ 5.6 ಮೀಟರ್. ಕನಿಷ್ಠ ಅದರ ಶೇ. 60ರಷ್ಟಾದರೂ ಖಾಲಿ ಇರಬೇಕು. ಛಾವಣಿಯ ಅಂಚು ಗೆರೆಗೆ ತಾಗಿದರೆ ಸುಮಾರು 6 ಡೆಸಿಬೆಲ್ ಹೋಯಿತು ಅಂತಲೇ ಲೆಕ್ಕ. ಶಕ್ತಿಯಲ್ಲಿ ಮುಕ್ಕಾಲು ಪಾಲು!

ಕಂಬ ಎತ್ತರಿಸಿದ ಮೇಲೆ ಲಿಂಕ್ ಗಟ್ಟಿಯಾಗಿ ನಿಂತಿತು. ಎರಡೂ ಕಂಬಗಳನ್ನು ಎತ್ತರಿಸಬೇಕು ಅನ್ನುವುದು ನೆನಪಿರಲಿ. ಒಂದನ್ನೇ 2 ಮೀಟರ್ ಏರಿಸಿದರೆ ನಡುವಿನ ಛಾವಣಿಯ ಮೇಲೆ ಸಿಗುವುದು 1 ಮೀಟರ್ ಮಾತ್ರ.

2.4ರದ್ದು ಬೇರೆಯೇ ಸ್ವಭಾವ. ಸೌತೆಕಾಯಿ ಜಾಸ್ತಿ ದಪ್ಪ, ಹಾಗಾಗಿ ಆ ಛಾವಣಿಯಿಂದ ಇದಕ್ಕೆ ಇನ್ನೂ ಹೆಚ್ಚು ಎತ್ತರ ಬೇಕು. ಆದರೆ ಎಲೆಗಳನ್ನು ಇದು ತಡೆದುಕೊಳ್ಳುತ್ತದೆ. ಗಾಳಿಗೆ ಒಂದು ಕೊಂಬೆ ಬಾಗಿ ಅಡ್ಡ ಬಂದಾಗ 5.8 ಕುಸಿಯುತ್ತಿತ್ತು, ಮಳೆ ನಿಂತ ಮೇಲೆ ಎಲೆ ಒದ್ದೆಯಾಗಿದ್ದರಂತೂ ಕೇಳೋದೇ ಬೇಡ. 2.4 ಸ್ವಲ್ಪ ಇಳಿದು ಮತ್ತೆ ಎದ್ದು ನಿಲ್ಲುತ್ತಿತ್ತು.

2.4ರ ನಿಜವಾದ ತೊಂದರೆ ಗದ್ದಲ, ಅಂದರೆ ಬೇರೆ ಸಾಧನಗಳ ಸಿಗ್ನಲ್ ಅಡ್ಡ ಬರುವುದು. 20 ಮೆಗಾಹರ್ಟ್ಜ್ ಅಗಲದ ಚಾನೆಲ್‌ಗಳಲ್ಲಿ ಒಂದಕ್ಕೊಂದು ಅಡ್ಡ ಬರದವು 1, 6, 11 ಮೂರೇ. ಸುತ್ತಲಿನ ರೌಟರ್‌ಗಳು, ಬ್ಲೂಟೂತ್, ಮೈಕ್ರೋವೇವ್ ಓವನ್ ಎಲ್ಲವೂ ಅಲ್ಲೇ. ಸಂಜೆಯಾದರೆ ಸಿಗ್ನಲ್ ಚೆನ್ನಾಗಿಯೇ ಕಾಣುತ್ತಿತ್ತು, ವೇಗ ಮಾತ್ರ ಇರುತ್ತಿರಲಿಲ್ಲ. ಆಂಟೆನಾ ಗಾತ್ರ ಒಂದೇ ಇದ್ದರೆ 2.4ರ ಕಿರಣ ಅಗಲವಾಗಿ ಹರಡುತ್ತದೆ. ಗುರಿ ಹಿಡಿಯೋದು ಸುಲಭ, ಆದರೆ ಪಕ್ಕದವರ ಗದ್ದಲವೂ ಜಾಸ್ತಿ ಒಳಗೆ ಬರುತ್ತದೆ.

60 ಗಿಗಾಹರ್ಟ್ಜ್ ಸಾಧನವನ್ನು ಈ ದೂರಕ್ಕೆ ಯೋಚಿಸಲೇ ಇಲ್ಲ. ಗಾಳಿಯಲ್ಲಿರುವ ಆಮ್ಲಜನಕವೇ ಕಿಲೋಮೀಟರಿಗೆ ಸುಮಾರು 15 ಡೆಸಿಬೆಲ್ ನುಂಗುತ್ತದೆ, ಮಳೆಯದ್ದು ಬೇರೆ.

ಕಂಬ ಎತ್ತರಿಸಲು ಆಗುತ್ತದೆ ಅಂದರೆ ನನ್ನ ಮತ 5.8ಕ್ಕೆ. ಕಡಿಯಲಾಗದ ಮರವೊಂದು ಅಡ್ಡ ನಿಂತಿದ್ದರೆ, ವೇಗ ಕಡಿಮೆಯಾದರೂ ಪರವಾಗಿಲ್ಲ ಅಂದರೆ 2.4. ಯಾವುದೇ ಆಗಲಿ, ಪರೀಕ್ಷೆ ಮಾಡುವುದನ್ನು ಮರ ಚಿಗುರಿ ತುಂಬಿಕೊಂಡಿರುವಾಗ ಮಾಡಿ. ಎಲೆ ಉದುರಿದ ಕಾಲದಲ್ಲಿ ಎಲ್ಲ ಲಿಂಕೂ ಚೆನ್ನಾಗಿಯೇ ಕಾಣುತ್ತದೆ, ಅಲ್ವಾ?