ಬಿಳಿ ಮರದ ಪೆನ್ನಿಗೆ ಡೆಲ್ರಿನ್ ಬುಶ್: ದೀರ್ಘ ಬಳಕೆಯ ನಂತರದ ವಿಮರ್ಶೆ

ಲೇತಿನಲ್ಲಿ ಪೆನ್ನು ಕಡೆಯುವ ಹವ್ಯಾಸಿಗಳಿಗೆ ಆಲೆ ಮರ ಎಷ್ಟು ಇಷ್ಟವೋ ಅಷ್ಟೇ ಕಿರಿಕಿರಿಯದೂ ಹೌದು. ಚನ್ನಪಟ್ಟಣದ ಗೊಂಬೆಗಳಿಗೆ ಬಳಸುವ ಈ ಮರ ಉಳಿಗೆ ಮೆತ್ತಗೆ ಒಗ್ಗುತ್ತದೆ, ದಂತದಂಥ ಬಣ್ಣ ಕೊಡುತ್ತದೆ. ಆದರೆ ಗೊಂಬೆಯ ಮೇಲೆ ಬಣ್ಣದ ಅರಗು ಕೂರುವುದರಿಂದ ಅಲ್ಲಿ ಸಣ್ಣಪುಟ್ಟ ಕಲೆಗಳು ಮುಚ್ಚಿಹೋಗುತ್ತವೆ. ಪೆನ್ನಿನಲ್ಲಿ ಮರದ ಸ್ವಂತ ಬಣ್ಣವೇ ಕಾಣಬೇಕಾದ್ದರಿಂದ, ಉಜ್ಜುವಾಗ ಎರಡೂ ತುದಿಗಳಿಗೆ ಹತ್ತುವ ಬೂದುಗಪ್ಪು ಛಾಯೆಯನ್ನು ಅಡಗಿಸುವ ದಾರಿಯಿಲ್ಲ. ಈ ಛಾಯೆಯನ್ನು ತಪ್ಪಿಸುವುದಕ್ಕೆಂದೇ ಮರದ ತುಂಡಿನ ಎರಡೂ ತುದಿಗಳಲ್ಲಿ ಕೂತು ಅದನ್ನು ಲೇತಿನಲ್ಲಿ ಹಿಡಿದುಕೊಳ್ಳುವ, ಶಂಕುವಿನಾಕಾರದ ಡೆಲ್ರಿನ್ (ಒಂದು ಬಗೆಯ ಪ್ಲಾಸ್ಟಿಕ್) ಬುಶ್‌ಗಳ ಒಂದು ಜೋಡಿಯನ್ನು ಕೊಂಡು ಕೆಲವು ವರ್ಷಗಳಿಂದ ಬಳಸುತ್ತಿದ್ದೇನೆ. ಅವುಗಳ ಗುಣದೋಷಗಳನ್ನು ಇಲ್ಲಿ ದಾಖಲಿಸುತ್ತಿದ್ದೇನೆ.

ಮೊದಲು ಕಲೆಯ ಮೂಲವನ್ನು ನೋಡೋಣ. ಪೆನ್ನಿನ ಕಿಟ್‌ಗೆ (ಮರದ ಹೊರತಾದ ಬಿಡಿಭಾಗಗಳ ಕಟ್ಟಿಗೆ) ಹೊಂದುವ ಬುಶ್‌ಗಳು ಸಾಮಾನ್ಯವಾಗಿ ಉಕ್ಕಿನವು. ಮರವನ್ನು ಎಷ್ಟು ದಪ್ಪಕ್ಕೆ ಇಳಿಸಬೇಕೆಂಬುದಕ್ಕೆ ಅವುಗಳ ಹೊರವ್ಯಾಸವೇ ಅಳತೆಗೋಲು. ಮರ ಆ ಮಟ್ಟಕ್ಕೆ ಇಳಿದ ಮೇಲೆ ಉಜ್ಜುಕಾಗದ ಮರವನ್ನೂ ಉಕ್ಕನ್ನೂ ಒಟ್ಟಿಗೇ ಸವರುತ್ತದೆ, ಮತ್ತು 240ರಿಂದ 600 ಗ್ರಿಟ್‌ವರೆಗಿನ (ಗ್ರಿಟ್ ಎಂದರೆ ಕಾಗದದ ಒರಟುತನದ ಅಂಕೆ, ಹೆಚ್ಚಿದಷ್ಟೂ ನಯ) ಕಾಗದಗಳು ಉಕ್ಕಿನಿಂದ ಎಬ್ಬಿಸುವ ಕಪ್ಪು ಪುಡಿ ಕಾಗದಕ್ಕೆ ಅಂಟಿಕೊಂಡು ಪಕ್ಕದ ಮರದ ರಂಧ್ರಗಳಿಗೆ ತುರುಕಿಕೊಳ್ಳುತ್ತದೆ. ಒಮ್ಮೆ ಒಳಗೆ ಕೂತ ಪುಡಿಯನ್ನು ಗಾಳಿ ಊದಿ ತೆಗೆಯುವುದು ಕಷ್ಟ. ಸ್ಪಿರಿಟ್ ಹಚ್ಚಿದ ಬಟ್ಟೆಯಿಂದ ಒರೆಸಿದರೆ ಒಂದಿಷ್ಟು ಹೊರಬರುತ್ತದೆ, ಉಳಿದದ್ದು ಇನ್ನಷ್ಟು ಹರಡುತ್ತದೆ. ಜಾಲಿಯಂತಹ ಟ್ಯಾನಿನ್ ಎಂಬ ಒಗರು ಪದಾರ್ಥ ಹೆಚ್ಚಿರುವ ಮರಗಳಲ್ಲಿ ಸಂಗತಿ ಇನ್ನೂ ಕೆಡುತ್ತದೆ, ಏಕೆಂದರೆ ತೇವ ತಗುಲಿದೊಡನೆ ಕಬ್ಬಿಣ ಮತ್ತು ಟ್ಯಾನಿನ್ ಸೇರಿ ನೀಲಿಗಪ್ಪು ಬಣ್ಣವೇ ಹುಟ್ಟುತ್ತದೆ. ಅದು ಒರೆಸಿದರೆ ಹೋಗುವ ಕೊಳೆಯಲ್ಲ.

ಡೆಲ್ರಿನ್ ಎಂಬುದು ಅಸಿಟಾಲ್ ಜಾತಿಯ ಗಟ್ಟಿ, ಜಾರುವ ಪ್ಲಾಸ್ಟಿಕ್. ನನ್ನ ಬಳಿಯಿರುವ ಬುಶ್‌ಗಳ ಒಂದು ಬದಿ ಶಂಕುವಿನಂತೆ ಚೂಪಾಗಿ, ಪೆನ್ನಿನ ಮರದೊಳಗೆ ಅಂಟಿಸಿರುವ ಹಿತ್ತಾಳೆ ಕೊಳವೆಯ ಬಾಯೊಳಗೆ ಕೂರುತ್ತದೆ. ಇನ್ನೊಂದು ಬದಿಯ ಕುಳಿಯಲ್ಲಿ ಲೇತಿನ 60 ಡಿಗ್ರಿ ಕೋನದ ಮೊನೆ ನಿಲ್ಲುತ್ತದೆ. ಶಂಕುವಾದ್ದರಿಂದ 7 ಮಿಲಿಮೀಟರ್ ಕೊಳವೆಗೂ ಅದಕ್ಕಿಂತ ದೊಡ್ಡ ಕೊಳವೆಗಳಿಗೂ ಅದೇ ಜೋಡಿ ಸಾಕಾಗುತ್ತದೆ, ಇದು ಸಣ್ಣ ಲಾಭವೇನಲ್ಲ. ಆದರೆ ಇವು ಕಡೆಯುವುದಕ್ಕಲ್ಲ, ಉಜ್ಜುವುದಕ್ಕೆ. ಉಳಿಯ ಅಂಚು ಒಮ್ಮೆ ಸೋಕಿದರೂ ಪ್ಲಾಸ್ಟಿಕ್ ಎದ್ದುಬರುತ್ತದೆ. ಆದ್ದರಿಂದ ಉಕ್ಕಿನ ಬುಶ್ ಇಟ್ಟುಕೊಂಡೇ ಮರವನ್ನು ಅಂತಿಮ ವ್ಯಾಸಕ್ಕಿಂತ ಕೂದಲೆಳೆಯಷ್ಟು ದಪ್ಪವಾಗಿ, ಸುಮಾರು 0.2 ಮಿಲಿಮೀಟರ್ ಉಳಿಸಿ ಕಡೆದು, ಅಲ್ಲಿಗೆ ಉಕ್ಕನ್ನು ಕಳಚಿ, ಲೇತಿನ ಹಾಸಿನ ಮೇಲಿನ ಪುಡಿಯನ್ನು ಬ್ರಷ್ಷಿನಿಂದ ಗುಡಿಸಿ, ಆಮೇಲೆ ಡೆಲ್ರಿನ್ ಹಾಕಿ ಹೊಸ ಕಾಗದದಿಂದ ಉಜ್ಜಲು ಆರಂಭಿಸುತ್ತೇನೆ. ಉಕ್ಕಿಗೆ ತಗುಲಿದ ಹಳೆಯ ಕಾಗದವನ್ನೇ ಮುಂದುವರಿಸಿದರೆ ಬುಶ್ ಬದಲಿಸಿದ ಶ್ರಮವೆಲ್ಲ ನೀರಿನಲ್ಲಿ ಹೋಮ. ಕಪ್ಪು ಬಣ್ಣದ ವಾಟರ್ ಪೇಪರ್ ಎಂಬ ಉಜ್ಜುಕಾಗದ ತನ್ನ ಕಣಗಳನ್ನೇ ಮರದಲ್ಲಿ ಬಿಡಬಲ್ಲದು. ಬಿಳಿ ಮರಕ್ಕೆ ಅಲ್ಯೂಮಿನಿಯಂ ಆಕ್ಸೈಡಿನ ತಿಳಿಬಣ್ಣದ ಕಾಗದವೇ ಲೇಸು.

ಈ ಕ್ರಮದಲ್ಲಿ ಆಲೆ ಮರದ ತುದಿಗಳು ನಡುಭಾಗದಷ್ಟೇ ಬೆಳ್ಳಗೆ ಉಳಿಯುತ್ತವೆ, ಅದರಲ್ಲಿ ನನಗೆ ಯಾವ ತಕರಾರೂ ಇಲ್ಲ. ಕೊಳ್ಳುವಾಗ ನಾನು ಅಷ್ಟಾಗಿ ಲೆಕ್ಕಕ್ಕೆ ಹಿಡಿಯದಿದ್ದ ಇನ್ನೊಂದು ಗುಣ ಈಗ ಹೆಚ್ಚು ಬೆಲೆಬಾಳುತ್ತಿದೆ: ಮೆರುಗಿಗಾಗಿ ಪದರಪದರವಾಗಿ ಹಚ್ಚುವ ಸೂಪರ್ ಗ್ಲೂ ಡೆಲ್ರಿನ್ನಿಗೆ ಭದ್ರವಾಗಿ ಹಿಡಿಯುವುದಿಲ್ಲ. ಉಕ್ಕಿನ ಬುಶ್ ಇದ್ದರೆ ಅಂಟು ಎರಡನ್ನೂ ಬೆಸೆದುಬಿಟ್ಟು, ಬಿಡಿಸುವಾಗ ಮೆರುಗಿನ ಅಂಚು ಚಕ್ಕೆಯಾಗಿ ಏಳುವ ಭಯ ಇದ್ದೇ ಇರುತ್ತದೆ. ಇಲ್ಲಿ ಬುಶ್ಶನ್ನು ಬೆರಳಿನಿಂದ ತಿರುಚಿದರೆ ಸಣ್ಣದೊಂದು ಚಟ್ ಸದ್ದಿನೊಂದಿಗೆ ಕಳಚಿಕೊಳ್ಳುತ್ತದೆ, ಅದರ ಮೇಲಿನ ಅಂಟು ಸಿಪ್ಪೆಯಂತೆ ಉಗುರಿಗೇ ಬರುತ್ತದೆ.

ದೋಷಗಳೂ ಕಡಿಮೆಯಿಲ್ಲ. ಶಂಕುವಿಗೆ ಅಳತೆಯೆಂಬುದಿಲ್ಲವಾದ್ದರಿಂದ ಪ್ರತಿ ಗ್ರಿಟ್ಟಿನ ನಂತರ ವರ್ನಿಯರ್ ಅಳತೆಪಟ್ಟಿ ಹಿಡಿಯಲೇಬೇಕು. ಉಜ್ಜುವ ಹುರುಪಿನಲ್ಲಿ ಮರ ತುಸು ಹೆಚ್ಚು ಸವೆದರೆ ಕ್ಲಿಪ್ಪಿನ ಬಳೆ ಮರಕ್ಕಿಂತ ಎದ್ದು ನಿಂತು ಬೆರಳಿಗೆ ತಡೆಯುತ್ತದೆ. ಅದಕ್ಕಿಂತ ದೊಡ್ಡ ತೊಂದರೆ ತುದಿಗಳು ಗುಂಡಗಾಗುವುದು. ಉಕ್ಕಿನ ಬುಶ್ ಪಕ್ಕದಲ್ಲಿದ್ದಾಗ ಕಾಗದಕ್ಕೆ ಒಂದು ಆಸರೆ ಇರುತ್ತದೆ. ಶಂಕು ಒಳಕ್ಕೆ ಇಳಿಯುವುದರಿಂದ ಕಾಗದ ಅಂಚಿನಾಚೆಗೆ ಬಗ್ಗಿ ಅಂಚನ್ನೇ ತಿನ್ನುತ್ತದೆ. ಕಾಗದದ ಹಿಂದೆ ಗಟ್ಟಿಯಾದ ಪಟ್ಟಿಯೊಂದನ್ನು ಇಟ್ಟು, ತುದಿಯಿಂದ ನಡುವಿನ ಕಡೆಗೆ ಮಾತ್ರ ಎಳೆದರೆ ಇದು ಬಹುಮಟ್ಟಿಗೆ ತಪ್ಪುತ್ತದೆ. ಟೇಲ್‌ಸ್ಟಾಕನ್ನು (ಮರದ ಒಂದು ತುದಿಯನ್ನು ಒತ್ತಿಹಿಡಿಯುವ ಲೇತಿನ ಭಾಗ) ಬಿಗಿಯಾಗಿ ತಿರುಗಿಸಿದರೆ ಶಂಕು ಕೊಳವೆಯ ಬಾಯನ್ನು ಅಗಲಿಸಿ ತೆಳ್ಳಗಿನ ಮರವನ್ನು ಸೀಳಬಲ್ಲದು, ಹಾಗಾಗಿ ಮರ ಜಾರದಷ್ಟು ಒತ್ತಡ ಸಾಕು. ಕಾಲಕ್ರಮದಲ್ಲಿ ಹಿತ್ತಾಳೆಯ ಅಂಚು ಪ್ಲಾಸ್ಟಿಕ್ಕಿನಲ್ಲಿ ಉಂಗುರದಂಥ ಗೀರು ಮಾಡುತ್ತದೆ. ಗೀರು ಆಳವಾದ ಮೇಲೆ ಬೇರೆ ಅಳತೆಯ ಕೊಳವೆ ಹಾಕಿದರೆ ಅಲುಗಾಟ ಬರುತ್ತದೆ, ಆಗ ಶಂಕುವನ್ನೇ ಲೇತಿನಲ್ಲಿ ಹಿಡಿದು ಮೇಲ್ಮೈಯನ್ನು ಹೊಸದಾಗಿ ಕಡೆದುಕೊಳ್ಳಬಹುದು.

ಇವು ಎಲ್ಲ ಲೋಹಕ್ಕೂ ಪರಿಹಾರವಲ್ಲ ಎಂಬುದನ್ನೂ ಹೇಳಬೇಕು. ಕೊಳವೆಯ ತುದಿಯನ್ನು ಮಟ್ಟ ಮಾಡುವಾಗ ಏಳುವ ಹಿತ್ತಾಳೆಯ ಪುಡಿ ಬುಶ್ ಹಾಕುವ ಮೊದಲೇ ಮರದ ಬಾಯಿಗೆ ಸೇರಿರುತ್ತದೆ. ಅಲ್ಲಿ ತೆಳುವಾದ ಸೂಪರ್ ಗ್ಲೂ ಒಂದು ಹನಿ ಹಚ್ಚಿ ರಂಧ್ರಗಳನ್ನು ಮೊದಲೇ ಮುಚ್ಚಿಬಿಡುವುದು ಒಳ್ಳೆಯದು. ಉಜ್ಜಲು ಬಳಸುವ ಉಕ್ಕಿನ ನಾರನ್ನು (ಸ್ಟೀಲ್ ವುಲ್) ಬಿಳಿ ಮರದ ಹತ್ತಿರ ತರಲೇಬಾರದು.

ಬೀಟೆ ಅಥವಾ ತೇಗವನ್ನಷ್ಟೇ ಕಡೆಯುವವರು ಕಲೆಯ ಭಯಕ್ಕಾಗಿ ಈ ಖರ್ಚು ಮಾಡಬೇಕಿಲ್ಲ. ಅಲ್ಲಿ ಉಕ್ಕಿನ ಪುಡಿ ಕಣ್ಣಿಗೆ ಬೀಳುವುದು ಅಪರೂಪ. ಆಲೆ, ಶಿವನೆಯಂತಹ ತಿಳಿ ಮರಗಳನ್ನು ಹಿಡಿಯುವವರು, ಸೂಪರ್ ಗ್ಲೂ ಮೆರುಗು ಕೊಡುವವರು ಕೊಳ್ಳಬಹುದು. ಲೇತಿನಲ್ಲಿ ಕೈ ಪಳಗಿದವರಾದರೆ ಸಿದ್ಧ ಜೋಡಿಯನ್ನು ಕೊಳ್ಳುವ ಬದಲು ಅಸಿಟಾಲ್ ಸರಳಿನ ತುಂಡೊಂದನ್ನು ತಂದು ತಾವೇ ಕಡೆದುಕೊಳ್ಳುವುದು ಉತ್ತಮ. ಸವೆದದ್ದನ್ನು ಬದಲಿಸಲು ಮುಂದಿನ ಜೋಡಿಗೂ ಅದೇ ಸರಳು ಒದಗುತ್ತದೆ.