ನಿಂಬೆ ಬುಡಕ್ಕೆ ಟ್ರೈಕೋಡರ್ಮಾ: ನಾಲ್ಕು ಮಳೆಗಾಲ ಬಳಸಿದ ಮೇಲೆ

ಅಫಜಲಪುರ ಕಡೆ ಎರೆ ಹೊಲದಲ್ಲಿ ನಿಂಬೆ ಹಚ್ಚಿದವರಿಗೆ ಅಂಟು ಸೋರುವ ರೋಗ ಗೊತ್ತೇ ಇರುತ್ತದೆ. ಮಳೆಗೆ ಬುಡದಲ್ಲಿ ನೀರು ನಿಂತರೆ ತೊಗಟೆ ಸೀಳಿ ಕಂದು ಅಂಟು ಇಳಿಯುತ್ತದೆ. ಎಲೆ ಹಳದಿಯಾಗುತ್ತದೆ, ಟೊಂಗೆ ಒಂದೊಂದೇ ಒಣಗುತ್ತದೆ. ಮಣ್ಣಿನಲ್ಲಿರುವ ಫೈಟೋಫ್ಥೊರಾ ಎಂಬ ರೋಗಾಣು ಇದಕ್ಕೆ ಕಾರಣ. ನಾನು ಇದಕ್ಕೆ ಬಳಸುತ್ತಿರುವುದು ಟ್ರೈಕೋಡರ್ಮಾ. ತೊಗರಿ ಬೀಜಕ್ಕೆ ಕೆಜಿಗೆ 4 ಗ್ರಾಂನಂತೆ ಹಚ್ಚುತ್ತೇವಲ್ಲ, ಅದೇ ಪುಡಿ.

ಮೊದಲೇ ಹೇಳಿಬಿಡುತ್ತೇನೆ, ಇದು ಕಾಯಿಲೆ ಬಿದ್ದ ಗಿಡಕ್ಕೆ ಕೊಡುವ ಔಷಧಿ ಅಲ್ಲ. ಬೇರಿನ ಸುತ್ತ ಮೊದಲೇ ಜಾಗ ಹಿಡಿದು ಕೂತು, ರೋಗದ ಎಳೆಗಳಿಗೆ ಸುತ್ತಿಕೊಂಡು ಅವನ್ನು ಕರಗಿಸಿ ತಿನ್ನುವ ಶಿಲೀಂಧ್ರ. ನಮ್ಮ ತೋಟದಲ್ಲಿ ಅರ್ಧ ಒಣಗಿದ್ದ ಗಿಡಗಳು ಹೋದವು, ಏನು ಹಾಕಿದರೂ ಉಳಿಯಲಿಲ್ಲ. ಅವುಗಳ ಪಕ್ಕದ ಗಿಡಗಳಿಗೆ ಮಾತ್ರ ರೋಗ ದಾಟಲಿಲ್ಲ. ನನಗೆ ಅಷ್ಟು ಸಾಕು.

ಪ್ಯಾಕೆಟ್ ಒಡೆದು ಸೀದಾ ಬುಡಕ್ಕೆ ಉದುರಿಸಬೇಡಿ. ಕಲಬುರಗಿಯ ಬಿಸಿಲಿಗೆ ಅದು ಬದುಕುವುದಿಲ್ಲ, ತಿನ್ನಲೂ ಏನಾದರೂ ಬೇಕಲ್ವಾ? ನಾನು ಚೆನ್ನಾಗಿ ಕೊಳೆತ 100 ಕೆಜಿ ತಿಪ್ಪೆ ಗೊಬ್ಬರಕ್ಕೆ 1 ಕೆಜಿ ಪುಡಿ, ಜೊತೆಗೆ ಒಂದಿಷ್ಟು ಬೇವಿನ ಹಿಂಡಿ ಬೆರೆಸುತ್ತೇನೆ. ಮುಷ್ಟಿಯಲ್ಲಿ ಹಿಂಡಿದರೆ ಉಂಡೆಯಾಗಬೇಕು, ನೀರು ತೊಟ್ಟಿಕ್ಕಬಾರದು, ಅಷ್ಟೇ ತೇವ. ಬೇವಿನ ಮರದ ನೆರಳಲ್ಲಿ ಹಸಿ ಗೋಣಿಚೀಲ ಮುಚ್ಚಿ ಹತ್ತು ಹದಿನೈದು ದಿನ ಬಿಡುತ್ತೇನೆ. ನಡುವೆ ಒಮ್ಮೆ ತಿರುವಿ ಹಾಕಬೇಕು. ಮೊದಲು ಬಿಳಿ ನೂಲು ಕಾಣುತ್ತದೆ, ಆಮೇಲೆ ಅದರ ಮೇಲೆ ಹಸಿರು ಕೂರುತ್ತದೆ. ಹಸಿರು ಬಾರದಿದ್ದರೆ ಪುಡಿ ಸತ್ತಿದೆ ಅಂತಲೇ ಲೆಕ್ಕ.

ಒಂದು ವರ್ಷ ಹಾಗೇ ಆಯಿತು. ಊರಿನ ಅಂಗಡಿಯೊಂದರಲ್ಲಿ ತಗಡಿನ ಶೆಡ್ಡಿನಲ್ಲಿಟ್ಟಿದ್ದ ಪ್ಯಾಕೆಟ್ ಕೊಟ್ಟರು. ಅವಧಿ ಇನ್ನೂ ಮುಗಿದಿರಲಿಲ್ಲ, ಆದರೂ ಗುಡ್ಡೆಯ ಮೇಲೆ ಏನೂ ಏಳಲಿಲ್ಲ. ಜೀವ ಇರುವ ಸರಕನ್ನು ಸಿಮೆಂಟ್ ಚೀಲದ ಹಾಗೆ ಒಟ್ಟಿದರೆ ಇನ್ನೇನಾಗುತ್ತದೆ? ಈಗ ತಯಾರಾದ ತಿಂಗಳು ನೋಡಿ, ಹೊಸದಿದ್ದರೆ ಮಾತ್ರ ತರುತ್ತೇನೆ.

ಜೂನ್ ಮಳೆಗೆ ಮುಂಚೆ ಒಮ್ಮೆ, ಮಳೆ ಇಳಿದ ಮೇಲೆ ಒಮ್ಮೆ, ಗಿಡದ ನೆರಳು ಬೀಳುವ ಸುತ್ತಳತೆಯಲ್ಲಿ ಕೆದಕಿ ಹಾಕಿ ಮಣ್ಣು ಮುಚ್ಚುತ್ತೇನೆ. ಮೊದಲ ವರ್ಷ ಪಕ್ಕದ ಹೊಲದ ಕಾಕಾ ಬದುವಿನ ಮೇಲೆ ನಿಂತು, "ಬರೇ ಗೊಬ್ಬರ ಉಗ್ಗಲತ್ತಿದಿ, ಇದ್ರಿಂದ ಗಿಡ ಉಳಿತಾವೇನೋ ತಮ್ಮಾ?" ಅಂದಿದ್ದರು. ಈಗ ಅವರದೂ ಒಂದು ಗುಡ್ಡೆ ಇದೆ. ಆದರೆ ಅವರು ಗೊಬ್ಬರ ಹಾಕಿದ ಹಿಂದೆಯೇ ಕಾರ್ಬೆಂಡಜಿಮ್ ಎಂಬ ಶಿಲೀಂಧ್ರನಾಶಕ ಸುರಿಯುತ್ತಾರೆ. ಅದು ಟ್ರೈಕೋಡರ್ಮಾವನ್ನೂ ಕೊಲ್ಲುತ್ತದೆ ಅಂತ ಎಷ್ಟು ಹೇಳಿದರೂ ಕೇಳುವುದಿಲ್ಲ.

ಅಂಟು ಶುರುವಾದ ಗಿಡಕ್ಕೆ ಮಾತ್ರ ಬೇರೆ ಕೆಲಸ ಇದೆ. ಕೆಟ್ಟ ತೊಗಟೆಯನ್ನು ಹಸಿ ಭಾಗ ಸಿಗುವವರೆಗೆ ಕುಡುಗೋಲಿನ ತುದಿಯಿಂದ ಕೆರೆದು ಬೋರ್ಡೋ ಪೇಸ್ಟ್ ಬಳಿಯುತ್ತೇನೆ. 1 ಕೆಜಿ ಮೈಲುತುತ್ತ, 1 ಕೆಜಿ ಸುಣ್ಣ, 10 ಲೀಟರ್ ನೀರು. ಬುಡಕ್ಕೆ ನೀರು ತಾಗದಂತೆ ಮಣ್ಣು ಏರಿಸಿ ಕಾಲುವೆ ತೆಗೆಯುವುದೂ ಆಗಲೇಬೇಕು. ಸತ್ಯ ಹೇಳಬೇಕೆಂದರೆ, ಅರ್ಧ ಲಾಭ ಈ ಕಾಲುವೆಯದೇ.

ಐದಕ್ಕೆ ನಾಲ್ಕು ಅಂಕ ಕೊಡುತ್ತೇನೆ. ಪುಡಿಯ ಖರ್ಚು ಕಡಿಮೆ, ಗೊಬ್ಬರ ಹೊರುವ ಆಳಿನ ಕೂಲಿಯೇ ಜಾಸ್ತಿ. ಕಾಯಿ ಮೇಲಿನ ಕಜ್ಜಿಗೂ ಇದನ್ನೇ ಹಾಕಬಹುದಾ ಅಂತ ಕೆಲವರು ಕೇಳುತ್ತಾರೆ. ಬೇಡ, ಕಜ್ಜಿ ತರುವುದು ಬ್ಯಾಕ್ಟೀರಿಯಾ, ಅದಕ್ಕೆ ಇದು ನಡೆಯುವುದಿಲ್ಲ.